ನೆಮ್ಮದಿ ತಂಡ

ಏಳು ಸಲ ಬರೆದೆ. ಏಳು ಸಲವೂ ನನ್ನ ಹೆಸರು ಹಾಕಿಯೇ ಬರೆದೆ. ನೆಲಮಾಳಿಗೆಯ ಬಾಗಿಲು ಕೆಟ್ಟಿದೆ, ರಿಪೇರಿ ಮಾಡಿಸಿ ಎಂದು. ಒಂದು ಬಾಗಿಲಿನ ಬಗ್ಗೆ ಏಳು ಸಲ ಬರೆಯುವ ಹೆಂಗಸಿಗೆ ತಲೆ ಕೆಟ್ಟಿರಬೇಕು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಆದರೆ ಆ ಬಾಗಿಲನ್ನು ದಿನಾ ಎಳೆಯುವವಳು ನಾನು, ನೀವಲ್ಲ.

ನನ್ನ ಹೆಸರು ಅಬ್ರೆಹೆತ್. ಲ್ಯಾರ್ಕ್‌ಬಕ್ಕೆನ್ ಬಡಾವಣೆಯ ಹನ್ನೊಂದು ಕಟ್ಟಡಗಳ ಮೆಟ್ಟಿಲು ತೊಳೆಯುವವಳು. ಒಂಬತ್ತನೇ ನಂಬರಿನ ಕಟ್ಟಡದಲ್ಲಿ ನನಗೂ ಒಂದು ಮನೆ ಇದೆ. ಒಂದು ಕೋಣೆ, ಒಂದು ಅಡುಗೆಮನೆ. ಕಟ್ಟಡಗಳೆಲ್ಲ ನಗರಸಭೆಯ ವಸತಿ ಕಂಪನಿಗೆ ಸೇರಿದವು. ತೊಳೆಯುವ ಗುತ್ತಿಗೆ ಇನ್ನೊಬ್ಬರದು. ಹಾಗಾಗಿ ನಾನು ಕಂಪನಿಗೆ ಬಾಡಿಗೆದಾರಳು, ಗುತ್ತಿಗೆಯವರಿಗೆ ಆಳು. ಎರಡೂ ಕಡೆಯಿಂದ ಒದೆ ತಿನ್ನುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಚಳಿಗಾಲದಲ್ಲಿ ಹಿಮಕ್ಕೆ ಕಾಲು ಜಾರದಿರಲಿ ಎಂದು ದಾರಿಗೆ ಎರಚಿದ ಜಲ್ಲಿ ಬೂಟಿಗೆ ಅಂಟಿಕೊಂಡು ಮೆಟ್ಟಿಲಿಗೆ ಬರುತ್ತದೆ. ಉಪ್ಪು, ಕೆಸರು, ಕರಗಿದ ಹಿಮ, ಮೇಲೆ ಜಲ್ಲಿ. ಮಾಪ್ ಹಾಕಿದರೆ ಅದು ಹೋಗುವುದಿಲ್ಲ. ಮೊದಲು ಮಂಡಿಯೂರಿ ಕೈಯಲ್ಲಿ ಬಾಚಬೇಕು. ನಾಲ್ಕು ಅಂತಸ್ತು, ಎಪ್ಪತ್ತೆರಡು ಮೆಟ್ಟಿಲು. ಹನ್ನೊಂದು ಕಟ್ಟಡ. ಆರು ವರ್ಷವಾಯಿತು. ಬಲಮಂಡಿಯಲ್ಲಿ ನೀರು ತುಂಬಿದೆ. ಬೆರಳ ಸಂದುಗಳಲ್ಲಿ ಚರ್ಮ ಬಿರಿದು, ಉಪ್ಪುನೀರು ತಾಗಿದರೆ ಪ್ರಾಣ ಹೋಗುತ್ತದೆ. ಜನ ನನ್ನ ಪಕ್ಕದಲ್ಲೇ ಹತ್ತಿ ಇಳಿಯುತ್ತಾರೆ. ಒರೆಸಿದ ಮೆಟ್ಟಿಲ ಮೇಲೆಯೇ ಕಾಲಿಡುತ್ತಾರೆ. "ಹೇಯ್" ಎನ್ನುತ್ತಾರೆ. ನನಗಲ್ಲ, ಗೋಡೆಗೆ.

ಗುತ್ತಿಗೆಯವರು ಕೊಟ್ಟ ಫೋನಿಗೆ ಕಂಪನಿಯಿಂದಲೇ ಕೆಲಸಗಳು ಬರುತ್ತವೆ. ಪ್ರತಿ ಕೆಲಸಕ್ಕೂ ಎರಡು ಗುಂಡಿಗಳಿವೆ. ಕೆಲಸ ಆಯಿತು ಎಂದರೆ ಹಸಿರು. ಆಗಲಿಲ್ಲ ಎಂದರೆ ಕೆಂಪು. ಕೆಂಪು ಒತ್ತಿದರೆ ಕಾರಣ ಬರೆದು ಸಹಿ ಹಾಕಬೇಕು, ಇಲ್ಲದಿದ್ದರೆ ಫೋನು ಮುಂದಕ್ಕೆ ಹೋಗುವುದಿಲ್ಲ. ಆರು ವರ್ಷದಲ್ಲಿ ನಾನು ಕೆಂಪು ಒತ್ತಿದವಳಲ್ಲ. ಜ್ವರ ಬಂದಾಗಲೂ ಒತ್ತಲಿಲ್ಲ.

ಒತ್ತದಿರಲು ಕಾರಣವಿದೆ. ಎರಿಟ್ರಿಯಾ ಬಿಟ್ಟು ಓಡಿದಾಗ ನಾನೊಬ್ಬಳೇ ಉತ್ತರದ ಈ ಚಳಿ ದೇಶದವರೆಗೆ ಬಂದೆ. ನನ್ನ ಮಗಳು ಸೆಮ್‌ಹಾರ್ ಅಡಿಸ್ ಅಬಾಬಾದಲ್ಲಿ ನನ್ನ ತಂಗಿಯ ಜೊತೆ ಇದ್ದಾಳೆ. ಹದಿನಾರು ವರ್ಷ. ನನಗೆ ಖಾಯಂ ಕೆಲಸ ಇದ್ದರೆ ಮಾತ್ರ ಅವಳನ್ನು ಇಲ್ಲಿಗೆ ಕರೆಸಿಕೊಳ್ಳಲು ಬಿಡುತ್ತಾರೆ. ಅವಳಿಗೆ ಹದಿನೆಂಟು ತುಂಬಿದರೆ ಕೆಲಸವಿದ್ದರೂ ಬಿಡುವುದಿಲ್ಲ. ಅರ್ಜಿ ಹಾಕಿ ಕಾಯುತ್ತಿದ್ದೇನೆ. ಈ ಮಾಪ್ ಹಿಡಿದುಕೊಂಡಿದ್ದೇನೆ ಎಂದರೆ ಅವಳ ಕೈ ಹಿಡಿದುಕೊಂಡಿದ್ದೇನೆ ಎಂದೇ ಅರ್ಥ.

ಇನ್ನು ಬಾಗಿಲಿನ ಕಥೆ. ಒಂಬತ್ತನೇ ಕಟ್ಟಡದವರು ಸಾಮಾನು ಇಡುವ ನೆಲಮಾಳಿಗೆಗೆ ಒಂದು ಕಬ್ಬಿಣದ ಬಾಗಿಲು. ಅದು ತಾನಾಗಿ ಮುಚ್ಚಿಕೊಳ್ಳಲಿ ಎಂದು ಮೇಲೆ ಒಂದು ತೋಳು ಜೋಡಿಸಿದ್ದಾರೆ. ಕಳೆದ ಏಪ್ರಿಲ್‌ನಲ್ಲಿ ಆ ತೋಳು ಮುರಿಯಿತು. ಅಂದಿನಿಂದ ಬಾಗಿಲು ಒಂದು ಗೇಣು ಬಾಯಿ ಬಿಟ್ಟುಕೊಂಡೇ ನಿಲ್ಲುತ್ತದೆ. ಭುಜ ಕೊಟ್ಟು ತಳ್ಳಿದರೆ ಮಾತ್ರ ಚಿಲಕ ಬೀಳುತ್ತದೆ. ನಾನು ತಳ್ಳುತ್ತೇನೆ. ಉಳಿದವರು ತಳ್ಳುವುದಿಲ್ಲ, ತಾನೇ ಮುಚ್ಚಿಕೊಳ್ಳುತ್ತದೆ ಎಂದು ನಂಬಿಕೊಂಡು ಹೋಗುತ್ತಾರೆ. ಇಲ್ಲಿನವರಿಗೆ ದೇವರ ಮೇಲೆ ಇಲ್ಲದ ನಂಬಿಕೆ ಬಾಗಿಲುಗಳ ಮೇಲಿದೆ.

ನಮ್ಮ ಮೇಸ್ತ್ರಿ ಕಾನ್ನಿಗೆ ಹೇಳಿದೆ. "ಬಾಗಿಲು ನಮ್ ಗುತ್ತಿಗೇಲಿ ಬರಲ್ಲ ಕಣೇ. ನೀನು ಬಾಡಿಗೆದಾರಳೂ ಹೌದಲ್ವಾ? ಅಂಗಳದಲ್ಲಿ ಬರಿ" ಎಂದ.

ಅಂಗಳ ಎಂದರೆ ಕಂಪನಿ ಫೋನಿನಲ್ಲಿ ನಡೆಸುವ ಚರ್ಚಾ ಕಟ್ಟೆ. ಬಾಡಿಗೆದಾರರೆಲ್ಲ ಅಲ್ಲಿ ಬರೆಯಬಹುದು. ಯಾರದೋ ಬೆಕ್ಕು ಕಳೆದಿದೆ, ಯಾರದೋ ಕೈಚೀಲ ಸಿಕ್ಕಿದೆ, ಭಾನುವಾರ ಕೇಕು ಮಾರುತ್ತೇವೆ. ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು: "ಎಲ್ಲರೂ ನೋಡುವಂತೆ, ಎಲ್ಲರೂ ಕೇಳುವಂತೆ." ಕೆಳಗೆ ಸಹಿ: "ಪ್ರೀತಿಯಿಂದ, ನೆಮ್ಮದಿ ತಂಡ." ಚರ್ಚೆಯಲ್ಲಿ ಜಗಳವಾಗದಂತೆ ನೋಡಿಕೊಳ್ಳುವವರು ಅವರಂತೆ. ಯಾರು, ಎಷ್ಟು ಜನ, ಎಲ್ಲಿ ಕೂರುತ್ತಾರೆ ಎಂದು ಯಾರಿಗೂ ತಿಳಿಯದು. ಹೆಸರಿನ ಪಕ್ಕದಲ್ಲಿ ಒಂದು ಹಳದಿ ಸೂರ್ಯನ ಚಿತ್ರ ಇರುತ್ತದೆ.

ಏಪ್ರಿಲ್‌ನಲ್ಲೇ ಮೊದಲ ಸಲ ಬರೆದೆ. "ಒಂಬತ್ತನೇ ಕಟ್ಟಡದ ನೆಲಮಾಳಿಗೆ ಬಾಗಿಲಿನ ತೋಳು ಮುರಿದಿದೆ. ದಯವಿಟ್ಟು ಸರಿ ಮಾಡಿಸಿ. ಅಲ್ಲಿಯವರೆಗೆ ಎಲ್ಲರೂ ತಳ್ಳಿ ಮುಚ್ಚಿ." ಭಾಷೆ ತಪ್ಪಾಗಬಾರದೆಂದು ಸಂಜೆ ಶಾಲೆಯ ಮೇಡಂಗೆ ತೋರಿಸಿ ತಿದ್ದಿಸಿಕೊಂಡೇ ಹಾಕಿದ್ದು. ನನ್ನ ಫೋನಿನಲ್ಲಿ ಅದು ಚೆನ್ನಾಗಿ ಕಂಡಿತು. ನನ್ನ ಹೆಸರು, ಕೆಳಗೆ ನನ್ನ ಮಾತು. ಉತ್ತರ ಬರಲಿಲ್ಲ. ಜೂನ್‌ನಲ್ಲಿ ಮತ್ತೆ ಬರೆದೆ. ಆಗಸ್ಟ್‌ನಲ್ಲಿ ಬರೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ನನಗೆ ಅನುಮಾನ ಬರಲಿಲ್ಲ. ಇಲ್ಲಿ ಮನುಷ್ಯರು ಮಾತಾಡದಿರುವುದೇ ಮರ್ಯಾದೆ. ಲಿಫ್ಟಿನಲ್ಲಿ ನಾಲ್ಕು ಜನ ನಿಂತರೆ ನಾಲ್ವರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಆರು ವರ್ಷದಿಂದ ಎದುರುಮನೆಯಲ್ಲಿರುವವನ ಧ್ವನಿ ನಾನು ಕೇಳಿಲ್ಲ. ಕೋಪ ಬಂದರೂ ಮುಖಕ್ಕೆ ಹೇಳುವುದಿಲ್ಲ, ಎಲ್ಲರೂ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯ ಹಲಗೆಗೆ ಚೀಟಿ ಅಂಟಿಸುತ್ತಾರೆ. "ಯಂತ್ರದ ಜಾಲರಿ ತೊಳೆಯದೆ ಹೋದ ಹಂದಿ ಯಾರು?" ಎಂದು ಬರೆದು ಕೆಳಗೆ "ಸ್ನೇಹಪೂರ್ವಕ ವಂದನೆಗಳು" ಎಂದು ಸೇರಿಸುತ್ತಾರೆ. ಅಂಥ ಜನ ನನ್ನ ಮಾತಿಗೆ ಉತ್ತರ ಕೊಡದಿದ್ದರೆ ಅದರಲ್ಲೇನು ವಿಶೇಷ? ಇವರ ಸ್ವಭಾವವೇ ಹೀಗೆ ಅಂದುಕೊಂಡೆ. ಬಾಯಿಗೆ ಬಟ್ಟೆ ತುರುಕಿದ್ದಾರೆ ಎಂದು ಹೇಗೆ ತಿಳಿಯಬೇಕು?

ಅಕ್ಟೋಬರ್‌ನಲ್ಲಿ ನೆಲಮಾಳಿಗೆಗೆ ಕಳ್ಳರು ನುಗ್ಗಿದರು. ನಾಲ್ಕನೇ ಅಂತಸ್ತಿನ ಉಲ್ರಿಕಾಳ ಕಾರಿನ ಚಳಿಗಾಲದ ಟೈರುಗಳು, ಯಾರದೋ ಸ್ಕೀ, ಎರಡು ಸೈಕಲ್ಲು ಹೋದವು. ಉಲ್ರಿಕಾ ಅಂಗಳದಲ್ಲಿ ಬರೆದಳು: "ಮೆಟ್ಟಿಲು ತೊಳೆಯುವ ಅಬ್ರೆಹೆತ್ ಬಾಗಿಲು ತೆರೆದಿಟ್ಟು ಹೋಗುವುದನ್ನು ನಾನೇ ನೋಡಿದ್ದೇನೆ. ಮರೆವೋ, ಬೇರೆ ಏನಾದರೂ ಇದೆಯೋ, ನಾನು ಹೇಳಲಾರೆ."

ಹೇಳಲಾರೆ ಎಂದು ಎಲ್ಲ ಹೇಳಿಬಿಟ್ಟಳು. ನಲವತ್ಮೂರು ಜನ ಅದರ ಕೆಳಗೆ ಹೃದಯದ ಚಿತ್ರ ಒತ್ತಿದರು. ಕಳ್ಳಿ ಎಂದವಳಿಗೆ ಹೃದಯ! ಒಬ್ಬ "ಅವರ ಜನರ ನೆಂಟರು ಊರೆಲ್ಲ ಇದ್ದಾರಲ್ಲ" ಎಂದು ಬರೆದ. ಅದಕ್ಕೂ ಹನ್ನೆರಡು ಹೃದಯ. ನೆಮ್ಮದಿ ತಂಡದ ನೆಮ್ಮದಿ ಒಂದಿಷ್ಟೂ ಕೆಡಲಿಲ್ಲ, ಅವೆಲ್ಲ ಇದ್ದ ಹಾಗೇ ಇದ್ದವು.

ಬಕೆಟ್ ಬದಿಗಿಟ್ಟು ಮೆಟ್ಟಿಲ ಮೇಲೇ ಕೂತು ಬರೆದೆ. "ನಾನು ಬಾಗಿಲು ತೆರೆದಿಟ್ಟಿಲ್ಲ. ತೋಳು ಮುರಿದಿದೆ. ಏಪ್ರಿಲ್‌ನಿಂದ ಹೇಳುತ್ತಿದ್ದೇನೆ." ಉತ್ತರವಿಲ್ಲ. ಮರುವಾರ ಬರೆದೆ, ಜನವರಿಯಲ್ಲಿ ಬರೆದೆ. ಏಳನೆಯದು ಮಾರ್ಚ್ ಮೊದಲ ವಾರ: "ನಾನು ಕಳ್ಳರಿಗೆ ಬಾಗಿಲು ಕಾಯುವವಳಲ್ಲ. ನಾಳೆ ಏಳು ಗಂಟೆಗೆ ಬಾಗಿಲ ಹತ್ತಿರ ನಿಂತಿರುತ್ತೇನೆ. ಯಾರಾದರೂ ಬಂದು ನೋಡಿ." ಏಳಕ್ಕೆ ನಿಂತೆ. ಎಂಟರವರೆಗೆ ನಿಂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಇಷ್ಟು ಕಲ್ಲು ಮನಸ್ಸೇ ಇವರಿಗೆ ಎಂದು ಅತ್ತುಬಿಟ್ಟೆ.

ಅದೇ ವಾರ ಕಾನ್ನಿ ಕರೆ ಮಾಡಿದ. "ಗುರುವಾರ ಆಫೀಸಿಗೆ ಬಾ. ಕಂಪನಿಯಿಂದ ನಿನ್ ಮೇಲೆ ದೂರು ಬಂದಿದೆ, ಮೂರನೇದು."

"ಬಾಗಿಲಿನ ವಿಷ್ಯನಾ? ನಾನು ನಿನಗೆ ಹೇಳಿದ್ನಲ್ಲ ಕಾನ್ನಿ."

"ನನಗೆ ಹೇಳಿದ್ದು ಲೆಕ್ಕಕ್ಕೆ ಬರಲ್ಲಮ್ಮ. ಅಂಗಳದಲ್ಲಿ ನಿನ್ನ ಹೆಸರು ಬಂದಿದೆ, ನಲವತ್ಮೂರು ಜನ ಹೃದಯ ಒತ್ತಿದ್ದಾರೆ. ನೀನು ಒಂದ್ ಸಲನೂ ಅಲ್ಲ ಅಂದಿಲ್ಲ. ಐದು ತಿಂಗಳು ಬಾಯಿ ಮುಚ್ಕೊಂಡು ಕೂತ್ರೆ ಅವರು ಏನಂತ ತಿಳ್ಕೋಬೇಕು?"

"ನಾನು ಬರ್ದಿದ್ದೀನಿ!"

"ನಾನೂ ನೋಡ್ದೆ. ಎಲ್ಲೂ ಇಲ್ಲ. ಸುಳ್ಳು ಹೇಳ್ಬೇಡ, ಇನ್ನೂ ಕೆಡುತ್ತೆ" ಎಂದು ಇಟ್ಟುಬಿಟ್ಟ.

ಮೂರು ದೂರು ಬಂದರೆ ಮನೆಗೆ ಕಳಿಸುತ್ತಾರೆ. ಗುರುವಾರ ಕೆಲಸ ಹೋಗುತ್ತದೆ ಎಂದು ಗೊತ್ತಾಯಿತು. ಕೆಲಸ ಹೋದರೆ ಸೆಮ್‌ಹಾರ್‌ಳ ಅರ್ಜಿಯೂ ಹೋಗುತ್ತದೆ. ಆದರೂ ಆ ಹೊತ್ತಿಗೆ ತಲೆಯಲ್ಲಿ ಕೊರೆದದ್ದು ಒಂದೇ ಮಾತು. ಎಲ್ಲೂ ಇಲ್ಲ ಎಂದರೆ ಏನು? ಫೋನು ತೆಗೆದು ನೋಡಿದೆ. ಏಳೂ ಇದ್ದವು. ಒಂದರ ಕೆಳಗೊಂದು, ನನ್ನ ಹೆಸರು ಹೊತ್ತು.

ಮರುದಿನ ಒಂಬತ್ತನೇ ಕಟ್ಟಡದ ಮೂರನೇ ಅಂತಸ್ತು ಒರೆಸುತ್ತಿದ್ದಾಗ ಗುನ್ವೋರ್ ಅಮ್ಮ ಬಾಗಿಲು ತೆರೆದರು. ಎಂಬತ್ತೊಂದು ವರ್ಷ. ನಗರಸಭೆಯ ನೀರಿನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗದಪತ್ರಗಳ ಗುಮಾಸ್ತೆಯಾಗಿದ್ದವರು. ಈ ದೇಶದಲ್ಲಿ ಎಲ್ಲರಿಗೂ ನೀನು ಎನ್ನುವುದೇ ರೂಢಿ. ಪ್ರಧಾನಿಗೂ ನೀನು, ಕಸ ಗುಡಿಸುವವಳಿಗೂ ನೀನು. ಸಮಾನತೆಯನ್ನು ಅಷ್ಟರಲ್ಲೇ ಮುಗಿಸಿದ್ದಾರೆ. ನನಗೆ ಮಾತ್ರ ಹಿರಿಯರನ್ನು ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ.

"ಅಳ್ತಾ ಅಳ್ತಾ ಒರೆಸ್ತಿದೀಯಲ್ಲೇ, ನೀರು ಉಳಿಸೋಕಾ?" ಎಂದರು. "ಒಳಗೆ ಬಾ. ಕಾಫಿ ಇದೆ."

"ಬೂಟು ಕೆಸರು, ಅಮ್ಮ."

"ಕೆಸರಾದ್ರೆ ಒರೆಸೋಕೆ ನೀನೇ ಇದೀಯಲ್ಲ. ಬಾರೇ."

ಬಿಸಿ ಮಾಡಿ ಬಿಸಿ ಮಾಡಿ ಕಪ್ಪಾದ ಕಾಫಿ, ಒಂದು ಏಲಕ್ಕಿ ಬನ್ನು. ನಾನು ಬನ್ನು ಮುಟ್ಟಲಿಲ್ಲ.

"ನಾನು ಕೇಳ್ಬೇಕು ಅಂತಲೇ ಇದ್ದೆ" ಎಂದರು. "ಆ ಉಲ್ರಿಕಾ ನಿನ್ನ ಕಳ್ಳಿ ಅಂತ ಬರೆದ್ಲು. ನೀನು ಯಾಕೆ ತುಟಿ ಬಿಚ್ಲಿಲ್ಲ? ನನಗಾಗಿದ್ರೆ ಅವಳ ಟೈರು ಅವಳ ಕುತ್ತಿಗೆಗೇ ಹಾಕಿರ್ತಿದ್ದೆ."

"ಏಳು ಸಲ ಬಿಚ್ಚಿದೀನಿ ಅಮ್ಮ. ನೀವೂ ಓದಿ ಸುಮ್ಮನಿದ್ರಿ ಅಂದ್ಕೊಂಡಿದ್ದೆ."

"ಏಳು ಸಲ ಎಲ್ಲಿ?"

ನನ್ನ ಫೋನು ಮೇಜಿನ ಮೇಲಿಟ್ಟೆ. ಅವರು ತಮ್ಮ ಟ್ಯಾಬ್ ತಂದು ಪಕ್ಕದಲ್ಲಿಟ್ಟರು. ಕನ್ನಡಕ ಸರಿ ಮಾಡಿಕೊಂಡರು. ಎರಡರಲ್ಲೂ ಒಂದೇ ಅಂಗಳ, ಒಂದೇ ದಿನ. ನನ್ನದರಲ್ಲಿ ಉಲ್ರಿಕಾಳ ಮಾತಿನ ಕೆಳಗೆ ನನ್ನ ಮಾತು ಇತ್ತು. ಅವರದರಲ್ಲಿ ಉಲ್ರಿಕಾಳ ಮಾತಿನ ಕೆಳಗೆ ಕೇಕು ಮಾರಾಟದ ಜಾಹೀರಾತು ಇತ್ತು. ಹಿಂದಕ್ಕೆ ಹೋದೆವು. ಜನವರಿ, ಅಕ್ಟೋಬರ್, ಆಗಸ್ಟ್. ಏಪ್ರಿಲ್‌ವರೆಗೆ ಹೋದೆವು. ನಾನು ನನಗೆ ಮಾತ್ರ ಇದ್ದೆ.

ಹನ್ನೊಂದು ತಿಂಗಳು ನಾನು ಒಬ್ಬಳೇ ಮಾತಾಡಿಕೊಂಡಿದ್ದೆ. ನನ್ನ ಮಾತನ್ನು ನನಗೆ ಮಾತ್ರ ತೋರಿಸಿ, ಊರಿಗೆಲ್ಲ ಮುಚ್ಚಿಟ್ಟಿದ್ದರು. ನಮ್ಮ ಎರಿಟ್ರಿಯಾದಲ್ಲಿ ಬಾಯಿ ಮುಚ್ಚಿಸುವವನು ಬಂದೂಕು ಹಿಡಿದು ಬರುತ್ತಾನೆ. ಅವನಿಗೊಂದು ಮುಖ ಇರುತ್ತದೆ, ಮುಚ್ಚಿಸಿದ್ದಾನೆ ಎಂದು ನಮಗೆ ತಿಳಿಯುತ್ತದೆ, ಶಾಪ ಹಾಕಲು ಒಂದು ಹೆಸರು ಸಿಗುತ್ತದೆ. ಇವರದು ಹಳದಿ ಸೂರ್ಯ. ಎದ್ದು ನಿಂತೆ, ಮತ್ತೆ ಕೂತೆ.

ಗುನ್ವೋರ್ ಅಮ್ಮ ನನ್ನ ಬನ್ನನ್ನು ಎತ್ತಿ ತಾವೇ ಕಚ್ಚಿದರು.

"ಒಂದು ವಿಷ್ಯ ಹೇಳ್ತೀನಿ ಕೇಳು. ಆ ಕಂಪನಿ ನಗರಸಭೇದು. ನಗರಸಭೆಗೆ ಬಂದ ಒಂದ್ ಚೂರು ಕಾಗದನೂ ಬಿಸಾಕೋ ಹಾಗಿಲ್ಲ. ಕುಡುಕ ಬರ್ದಿದ್ದೂ ನಾವು ನಂಬರ್ ಹಾಕಿ ಇಡ್ತಿದ್ವಿ. ನಿನ್ ಮಾತು ಮುಚ್ಚಿಟ್ಟಿದ್ದಾರೆ ಅಂದ್ರೆ, ಮುಚ್ಚಿಟ್ವಿ ಅಂತನೂ ಬರೆದಿಟ್ಟಿರ್ತಾರೆ. ಯಾವತ್ತು, ಯಾಕೆ, ಯಾರು. ನಮ್ಮ ಜನ ಕಳ್ಳತನ ಮಾಡಿದ್ರೂ ರಿಜಿಸ್ಟರ್‌ನಲ್ಲಿ ದಾಖಲೆ ಮಾಡೇ ಮಾಡೋದು ಕಣೇ."

"ನನಗೆ ಕೊಡ್ತಾರಾ?"

"ಯಾರಿಗೆ ಬೇಕಾದ್ರೂ ಕೊಡ್ಬೇಕು. ಹೆಸರು ಕೇಳೋ ಹಾಗಿಲ್ಲ. ಯಾಕೆ ಅಂತ ಕೇಳೋ ಹಾಗಿಲ್ಲ. ಕೇಳಿದ್ರೆ ಹೇಳ್ಬೇಡ. ಸುಮ್ನೆ ನಿಂತ್ಕೋ. ನಿಲ್ಲೋದು ಬರುತ್ತಲ್ಲ ನಿನಗೆ?"

"ಆರು ವರ್ಷದಿಂದ ಅದೇ ತಾನೇ ಮಾಡ್ತಿರೋದು" ಎಂದೆ.

ಬುಧವಾರ ಕೆಲಸದ ನೀಲಿ ಅಂಗಿಯಲ್ಲೇ ಕಂಪನಿಯ ಕಚೇರಿಗೆ ಹೋದೆ. ಕಚೇರಿಯೆಲ್ಲ ಗಾಜು. ಗೋಡೆ ಗಾಜು, ಬಾಗಿಲು ಗಾಜು. ಒಳಗಿರುವವರು ಏನು ಮಾಡುತ್ತಿದ್ದಾರೆ ಎಂದು ಬೀದಿನಾಯಿಗೂ ಕಾಣಲಿ ಎಂದು ಕಟ್ಟಿಸಿದ್ದಂತೆ. ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ಒರೆಸುವವಳು ಯಾರೋ, ಅವಳ ಭುಜ ಹೇಗಿದೆಯೋ ಅಂದುಕೊಂಡೆ.

ಮುಂದೆ ಕೂತಿದ್ದ ಗುಮಾಸ್ತೆಯ ಹೆಸರು ಸಿಗ್ರಿದ್ ಎಂದು ಮೇಜಿನ ಮೇಲೆ ಬರೆದಿತ್ತು. ಗುನ್ವೋರ್ ಅಮ್ಮ ಬರೆದುಕೊಟ್ಟ ಮಾತನ್ನು ಬಾಯಿಪಾಠ ಹೇಳಿದೆ. "ಅಂಗಳದಲ್ಲಿ ಮುಚ್ಚಿಟ್ಟ ಎಲ್ಲ ಬರಹಗಳ ದಾಖಲೆ ಬೇಕು. ಕಳೆದ ಏಪ್ರಿಲ್‌ನಿಂದ."

ಸಿಗ್ರಿದ್ ಒಳಗೆ ಹೋದಳು. ಬರುವಾಗ ಒಬ್ಬ ಗಂಡಸನ್ನು ಕರೆದುಕೊಂಡು ಬಂದಳು. ತಿಳಿಬಣ್ಣದ ಕೋಟು, ತೆಳ್ಳನೆಯ ಗಡ್ಡ, ಬಾಯಿ ತುಂಬ ನಗು. ಎದೆಯ ಮೇಲೆ ಚೀಟಿ: ಸ್ಟೆಲ್ಲಾನ್ ಲಿಂಡ್‌ಮಾರ್ಕ್, ಸಂಪರ್ಕ ಅಧಿಕಾರಿ.

"ನಮಸ್ಕಾರ! ಆಸಕ್ತಿ ತೋರಿಸಿದ್ದು ತುಂಬಾ ಸಂತೋಷ. ನಾವು ತುಂಬಾ ತೆರೆದ ಮನಸ್ಸಿನ ಸಂಸ್ಥೆ. ನಿನ್ನ ಹೆಸರು?"

ಸುಮ್ಮನೆ ನಿಂತೆ.

"ಯಾವ ಕಟ್ಟಡದವಳು ಅಂತ ತಿಳಿದ್ರೆ ಸಹಾಯ ಆಗ್ತಿತ್ತು. ಯಾವುದಕ್ಕೆ ಬೇಕು ಇದು?"

ಸುಮ್ಮನೆ ನಿಂತೆ. ಅವನ ನಗು ಸ್ವಲ್ಪ ಹಳಸಿತು.

"ಸ್ಟೆಲ್ಲಾನ್, ಹಾಗೆಲ್ಲ ಕೇಳೋ ಹಾಗಿಲ್ಲ" ಎಂದು ಸಿಗ್ರಿದ್ ಮೆಲ್ಲಗೆ ಹೇಳಿದಳು. ಅವಳ ಮುಖದಲ್ಲಿ ದಯೆ ಏನೂ ಇರಲಿಲ್ಲ. ನಿಯಮ ಇತ್ತು. ಆ ದಿನ ನನಗೆ ಅಷ್ಟು ಸಾಕಾಗಿತ್ತು.

ಎರಡು ಗಂಟೆ ಕೂರಿಸಿದರು. ಕೊನೆಗೆ ಕಾಗದಗಳು ಕೈಗೆ ಬಂದವು, ಇನ್ನೂ ಬೆಚ್ಚಗಿದ್ದವು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಓದಿದೆ. ಎಂಥ ಅಚ್ಚುಕಟ್ಟು! ದಿನಾಂಕ, ಬರೆದವರ ಹೆಸರು, ಬರಹ, ಕ್ರಮ, ಕಾರಣ, ಸಹಿ. ನನ್ನ ಮೊದಲ ಬರಹದ ಎದುರು: "ಕ್ರಮ: ಬರೆದವರಿಗೆ ಮಾತ್ರ ಕಾಣುವಂತೆ ಮಾಡಿದೆ. ಅವರಿಗೆ ತಿಳಿಸುವ ಅಗತ್ಯವಿಲ್ಲ. ಕಾರಣ: ಕಂಪನಿಯ ಬಗ್ಗೆ ಕೆಟ್ಟ ಭಾವನೆ ಮೂಡಬಹುದು." ಎರಡನೆಯದಕ್ಕೆ: "ಹೇಳಿದ್ದನ್ನೇ ಹೇಳಿದ್ದಾರೆ." ಮೂರನೆಯದರಿಂದ ಏಳನೆಯದರವರೆಗೆ ಒಂದೇ ಕಾರಣ: "ಧಾಟಿ ಸರಿಯಿಲ್ಲ."

ನಾನು ಕಳ್ಳಿಯಲ್ಲ ಎಂದು ಹೇಳಿದ್ದರ ಧಾಟಿ ಸರಿಯಿರಲಿಲ್ಲ. ಕಳ್ಳಿ ಎಂದವಳ ಧಾಟಿ ಜೇನುತುಪ್ಪವಾಗಿತ್ತು.

ನಾನೊಬ್ಬಳೇ ಅಲ್ಲ. ಒಟ್ಟು ಹತ್ತೊಂಬತ್ತು ಹೆಸರಿದ್ದವು. ಹದಿನೇಳು ಹೊರದೇಶದಿಂದ ಬಂದ ನಮ್ಮಂಥವರ ಹೆಸರುಗಳು. ಸ್ನಾನದ ಮನೆಯಲ್ಲಿ ಬೂಷ್ಟು, ಕೆಟ್ಟ ಲಿಫ್ಟು, ಮಗುವಿಗೆ ಉಬ್ಬಸ. ಎರಡು ಇವರದೇ ಜನರದು. ಅದರಲ್ಲಿ ನಾಲ್ಕನೇ ಕಟ್ಟಡದ ಮುದುಕ ಟಾಗೆ ಹನ್ನೆರಡು ಸಲ ಬರೆದಿದ್ದ, ಕೋಣೆ ಬೆಚ್ಚಗಾಗುವುದಿಲ್ಲ ಎಂದು. ಹನ್ನೆರಡನೆಯದು ಬರೀ ಇಷ್ಟು: "ಯಾರಾದರೂ ಇದ್ದೀರಾ?" ಕಾರಣ: "ಧಾಟಿ ಸರಿಯಿಲ್ಲ." ಹತ್ತೊಂಬತ್ತು ಜನ ಹತ್ತೊಂಬತ್ತು ಗೋಡೆಗಳ ಜೊತೆ ಮಾತಾಡಿಕೊಂಡಿದ್ದರು. ಪ್ರತಿಯೊಬ್ಬರೂ ಊರು ತಮ್ಮನ್ನು ಕೇಳಿಸಿಕೊಂಡೂ ಸುಮ್ಮನಿದೆ ಎಂದು ಕೊರಗಿದ್ದರು.

ಎಲ್ಲದರ ಕೊನೆಗೂ ಒಂದೇ ಸಹಿ ಇತ್ತು. ಎಸ್. ಎಲ್. ತಂಡವಂತೆ, ತಂಡ! ಗಾಜಿನ ಹಿಂದೆ ಕೂತ ಒಬ್ಬ ಗಡ್ಡದವ ಅಷ್ಟೆ.

ಗುರುವಾರ ಗುತ್ತಿಗೆಯವರ ಕಚೇರಿಗೆ ಹೋದೆ. ಕಾನ್ನಿ ಇದ್ದ. ಪಕ್ಕದಲ್ಲಿ ಕಂಪನಿಯ ಪರವಾಗಿ ಸ್ಟೆಲ್ಲಾನ್ ಕೂತಿದ್ದ. ನನ್ನನ್ನು ನೋಡಿ ಅವನ ಮುಖ ಒಂದು ಕ್ಷಣ ಪೆಚ್ಚಾಯಿತು.

"ನಿನ್ನೆ ಬಂದಿದ್ದು ನೀನಾ?"

ಹನ್ನೊಂದು ತಿಂಗಳು ನನ್ನ ಮಾತನ್ನು ಒಂದೊಂದಾಗಿ ಹೂತವನಿಗೆ ನನ್ನ ಮುಖವೇ ಗೊತ್ತಿರಲಿಲ್ಲ.

"ಕಾಫಿ ಕುಡಿತೀಯಾ?" ಎಂದ ಕಾನ್ನಿ. ಇಲ್ಲಿ ಕುತ್ತಿಗೆ ಕೊಯ್ಯುವ ಮೊದಲು ಕಾಫಿ ಕೊಡುತ್ತಾರೆ. ಬೇಡ ಎಂದೆ. ಕಾಗದಗಳನ್ನು ಅವನ ಮುಂದೆ ಇಟ್ಟೆ. "ನಾನು ಸುಳ್ಳು ಹೇಳ್ತೀನಿ ಅಂದ್ಯಲ್ಲ. ಓದು."

ಕಾನ್ನಿ ತುಟಿ ಅಲ್ಲಾಡಿಸುತ್ತ ಓದಿದ. ಎರಡನೇ ಹಾಳೆಗೆ ಬರುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು. "ಥೂ, ಏನಪ್ಪಾ ಇದು" ಎಂದು ಸ್ಟೆಲ್ಲಾನ್ ಕಡೆ ತಿರುಗಿದ.

"ತಂಡದಲ್ಲಿ ಎಷ್ಟು ಜನ?" ಎಂದು ನಾನು ಕೇಳಿದೆ.

"ನಾನೇ ಮಾಡಿದ್ದು ಅಂತ ಅಲ್ಲಿ ಎಲ್ಲೂ ಇಲ್ಲ" ಎಂದ ಸ್ಟೆಲ್ಲಾನ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೇಳಿದ್ದು ಎಷ್ಟು ಜನ ಎಂದು. ಕಾನ್ನಿಗೂ ನಗು ಬಂತು, ಕೆಮ್ಮಿ ಮುಚ್ಚಿಕೊಂಡ.

ಸ್ಟೆಲ್ಲಾನ್ ಧ್ವನಿ ಇಳಿಸಿದ. ಬೆಣ್ಣೆ ಸವರಿದಂತೆ ಮಾತಾಡಿದ. "ನೋಡು ಅಬ್ರೆಹೆತ್. ನೀನು ಬರೆದ್ರೆ ಜನ ಇನ್ನೂ ಕೆಟ್ಟದಾಗಿ ಬರೀತಿದ್ರು. ನಿನಗೆ ನೋವಾಗ್ಬಾರ್ದು ಅಂತ ಮಾಡಿದ್ದು. ಈಗ ಎಲ್ಲ ಸರಿ ಮಾಡೋಣ. ದೂರು ವಾಪಸ್ ತಗೋತೀವಿ. ಕೆಲಸ ನಿನ್ನದೇ. ನಾಳೆನೇ ಬಾಗಿಲು ರಿಪೇರಿ. ನೀನು ಒಂದು ಸಣ್ಣ ಕಾಗದಕ್ಕೆ ಸಹಿ ಹಾಕು, ಅಷ್ಟೇ."

"ಏನಂತ?"

"ಈ ದಾಖಲೆ ಯಾರಿಗೂ ತೋರಿಸಲ್ಲ ಅಂತ. ಬಡಾವಣೆಯ ನೆಮ್ಮದಿಗೋಸ್ಕರ."

ನನ್ನ ಕಣ್ಣ ಮುಂದೆ ಸೆಮ್‌ಹಾರ್ ಬಂದಳು. ಪೆನ್ನು ಮೇಜಿನ ಮೇಲಿತ್ತು. ಕೈ ನೀಡಿದರೆ ಸಾಕು. ಬಡವ, ನೀನು ಮಡಗಿದ ಹಾಗಿರು ಎಂದು ನನ್ನ ಹೊಟ್ಟೆಯೇ ನನಗೆ ಹೇಳಿತು. ಮಗಳ ಮುಖ ನೋಡಿ ಸಹಿ ಹಾಕುವ ತಾಯಿಯನ್ನು ಯಾರೂ ತೆಗಳುವುದಿಲ್ಲ. ನಾನೂ ತೆಗಳುತ್ತಿರಲಿಲ್ಲ. ಕೈ ಪೆನ್ನಿನವರೆಗೆ ಹೋಯಿತು.

"ಉಳಿದ ಹದಿನೆಂಟು ಜನಕ್ಕೆ ಯಾರು ಹೇಳ್ತಾರೆ?" ಎಂದು ಕೇಳಿದೆ.

"ಏನನ್ನ?"

"ಅವರ ಮಾತು ಯಾರಿಗೂ ಕೇಳಿಸಿಲ್ಲ ಅಂತ. ನೀನೇ ಹೇಳು. ಅಂಗಳದಲ್ಲಿ ಬರಿ. ಸೂರ್ಯನ ಚಿತ್ರ ಬೇಡ, ನಿನ್ನ ಹೆಸರು ಹಾಕು. ಯಾರ ಮಾತು ಮುಚ್ಚಿದೆ, ಯಾಕೆ ಮುಚ್ಚಿದೆ ಅಂತ ಬರಿ. ಆಮೇಲೆ ನಾನು ಸಹಿ ಹಾಕ್ತೀನಿ."

"ತಂಡದವರು ಹೆಸರು ಹಾಕೋ ಪದ್ಧತಿ ಇಲ್ಲ. ಭದ್ರತೆ ಪ್ರಶ್ನೆ. ಜನ ಬಯ್ತಾರೆ."

"ನನ್ನನ್ನ ಹೆಸರು ಹಿಡಿದೇ ಬೈದ್ರಲ್ಲ. ನನಗೆ ಭದ್ರತೆ ಬೇಡ್ವಾ? ನಿನ್ನ ಹೆಸರು ಏನು ಗಾಜಾ, ಒಡೆದುಹೋಗೋಕೆ?"

ಅವನು ಕಾನ್ನಿಯನ್ನು ನೋಡಿದ. "ಈ ಧಾಟಿಯಲ್ಲಿ ಮಾತಾಡಿದ್ರೆ ನಾವು ಹೇಗೆ..." ಎಂದು ಶುರು ಮಾಡಿದ.

ನಾನು ಎದ್ದೆ. ಪೆನ್ನನ್ನು ಅವನ ಕಡೆಗೆ ತಳ್ಳಿದೆ. "ಹಾಕಲ್ಲ" ಎಂದೆ.

"ಯೋಚ್ನೆ ಮಾಡೇ" ಎಂದು ಕಾನ್ನಿ ಬಾಗಿಲವರೆಗೆ ಬಂದ. "ಸೋಮವಾರದವರೆಗೆ ನಾನು ತಡೀತೀನಿ. ಅದರಾಚೆ ನನ್ನ ಕೈಯಲ್ಲಿಲ್ಲ." ಅವನು ಕೆಟ್ಟವನಲ್ಲ. ಈ ಜಗತ್ತು ನಡೆಯುತ್ತಿರುವುದೇ ಕೈಯಲ್ಲಿಲ್ಲ ಎನ್ನುವ ಒಳ್ಳೆಯವರಿಂದ.

ಶುಕ್ರವಾರ ಬೆಳಗ್ಗೆ ಲಾಂಡ್ರಿ ಕೋಣೆ ತೊಳೆಯುವ ಸರದಿ. ಬಡಾವಣೆಗೆಲ್ಲ ಅದೊಂದೇ ಲಾಂಡ್ರಿ. ಅಂಗಳಕ್ಕೆ ಬರದವರೂ ಅಲ್ಲಿಗೆ ಬರಲೇಬೇಕು, ಕೊಳೆ ಎಲ್ಲರಿಗೂ ಇದೆ. ಅಲ್ಲಿನ ಹಲಗೆಗೆ ಒಂದು ಹಳೆಯ ಕಟ್ಟಳೆ ಇದೆ. ಚೀಟಿ ಅಂಟಿಸಿದವರೇ ತೆಗೆಯಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಆರು ವರ್ಷ ನಾನು ಆ ಚೀಟಿಗಳ ಸುತ್ತ ಧೂಳು ಒರೆಸಿದ್ದೇನೆ, ಒಂದನ್ನೂ ಮುಟ್ಟಿಲ್ಲ.

ಗುನ್ವೋರ್ ಅಮ್ಮ ಟೇಪು ಹಿಡಿದುಕೊಂಡು ಬಂದಿದ್ದರು. ಇಬ್ಬರೂ ಸೇರಿ ಎಲ್ಲ ಹಾಳೆಗಳನ್ನೂ ಅಂಟಿಸಿದೆವು. ಹಲಗೆ ಸಾಲಲಿಲ್ಲ, ಗೋಡೆಗೂ ಅಂಟಿಸಿದೆವು. ಹತ್ತೊಂಬತ್ತು ಜನರ ಮಾತು, ಪ್ರತಿ ಮಾತಿನ ಎದುರು ಕಾರಣ, ಕೆಳಗೆ ಎಸ್. ಎಲ್. ಮೇಲೆ ನಾನು ದಪ್ಪಗೆ ಬರೆದೆ: "ಎಲ್ಲರೂ ನೋಡುವಂತೆ."

"ಕೊನೇಲಿ ಸ್ನೇಹಪೂರ್ವಕ ವಂದನೆಗಳು ಅಂತ ಹಾಕ್ಲಾ?" ಎಂದು ಗುನ್ವೋರ್ ಅಮ್ಮ ಕೇಳಿದರು.

"ಬೇಡ ಅಮ್ಮ. ಸ್ನೇಹ ಇಲ್ಲ."

ಎಂಟು ಗಂಟೆಯ ಸರದಿ ಟಾಗೆಯದು. ಒಂದು ಬುಟ್ಟಿ ಬಟ್ಟೆ ಹೊತ್ತು ಬಂದ. ಓದಿದ. ತನ್ನ ಹನ್ನೆರಡೂ ಬರಹ ಓದಿದ. ಕೊನೆಯದರ ಮುಂದೆ ಬಹಳ ಹೊತ್ತು ನಿಂತ. "ಯಾರೂ ಮಾತಾಡ್ಸಲ್ಲ ಅಂದ್ಕೊಂಡಿದ್ದೆ" ಎಂದ. ಬಟ್ಟೆಯನ್ನು ಯಂತ್ರಕ್ಕೆ ಹಾಕುವುದನ್ನೇ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ.

ಒಂಬತ್ತಕ್ಕೆ ಉಲ್ರಿಕಾ ಬಂದಳು. ನಾನು ಚರಂಡಿಯ ಜಾಲರಿ ಉಜ್ಜುತ್ತಿದ್ದೆ. ಅವಳು ಓದಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ನೀನು ಬರ್ದಿದ್ಯಾ?" ಎಂದಳು.

"ಏಳು ಸಲ."

"ನನಗೆ ಕಾಣಿಸ್ಲೇ ಇಲ್ಲ." ಅವಳ ಕೆನ್ನೆ ಕೆಂಪಾಗಿತ್ತು. "ಆದ್ರೂ ನೀನು ನನಗೆ ಮುಖಕ್ಕೇ ಹೇಳ್ಬಹುದಿತ್ತು ಅಲ್ವಾ?"

"ನೀನು ಒಂದಿನ ಮುಖ ಎತ್ತಿ ನೋಡಿದ್ರೆ ಹೇಳ್ತಿದ್ದೆ. ನಿನ್ನ ಬೂಟಿಗೆ ಹೇಳ್ಬೇಕಿತ್ತಾ?"

ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ಹತ್ತು ನಿಮಿಷದಲ್ಲಿ ಗಂಡನನ್ನು ಕರೆತಂದು ತೋರಿಸಿದಳು. ಅವನು ಎದುರುಮನೆಯವರನ್ನು ಕರೆತಂದ. ಹನ್ನೊಂದರ ಹೊತ್ತಿಗೆ ಆ ಪುಟ್ಟ ಕೋಣೆಯಲ್ಲಿ ಹದಿನಾಲ್ಕು ಜನ ನಿಂತಿದ್ದರು. ಮಾತಾಡುತ್ತಿದ್ದರು! ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜೋರಾಗಿ. ಆರು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ. ಯಾರೋ ಒಬ್ಬರು ಫೋನಿನಲ್ಲಿ ಚಿತ್ರ ತೆಗೆದು ಅಂಗಳಕ್ಕೆ ಹಾಕಿದರು. ಎರಡು ನಿಮಿಷದಲ್ಲಿ ಅದು ಹಾಕಿದವರ ಫೋನು ಬಿಟ್ಟು ಉಳಿದೆಲ್ಲ ಕಡೆ ಮಾಯವಾಯಿತು. ಇನ್ನೊಬ್ಬರು ಹಾಕಿದರು. ಅದೂ ಮಾಯವಾಯಿತು. ಹದಿನಾಲ್ಕು ಜನರೂ ಅದು ಮಾಯವಾಗುವುದನ್ನು ಕಣ್ಣಾರೆ ಕಂಡರು.

ಮಧ್ಯಾಹ್ನ ಒಂದು ಗಂಟೆಗೆ ನನ್ನ ಕೆಲಸದ ಫೋನು ಗುಂಯ್ ಎಂದಿತು. ಹೊಸ ಕೆಲಸ ಬಂದಿತ್ತು.

"ಸ್ಥಳ: ಲಾಂಡ್ರಿ ಕೋಣೆ. ಕೆಲಸ: ಗೋಡೆಯ ಮೇಲಿನ ಅನುಮತಿಯಿಲ್ಲದ ಕಾಗದಗಳನ್ನು ಕಿತ್ತು, ಗುರುತು ಉಳಿಯದಂತೆ ತೊಳೆಯುವುದು. ತುರ್ತು. ಮಾಡಬೇಕಾದವರು: ಅಬ್ರೆಹೆತ್. ಕೆಲಸ ಕೊಟ್ಟವರು: ನೆಮ್ಮದಿ ತಂಡ."

ಎರಡು ಸಲ ಓದಿದೆ. ನನ್ನ ಮಾತನ್ನು ಹನ್ನೊಂದು ತಿಂಗಳು ಅವರು ಅಳಿಸಿದರು. ಉಳಿದದ್ದನ್ನು ಈಗ ನಾನೇ ನನ್ನ ಕೈಯಿಂದ ಅಳಿಸಬೇಕಂತೆ. ಬಿರಿದ ಬೆರಳುಗಳು, ಅವರದೇ ಸಾಬೂನು ನೀರು, ಗುರುತು ಉಳಿಯದಂತೆ!

"ಏನಂತೆ?" ಎಂದು ಗುನ್ವೋರ್ ಅಮ್ಮ ಕೇಳಿದರು. ಫೋನು ಅವರಿಗೆ ತೋರಿಸಿದೆ. ಅವರು ಟಾಗೆಗೆ ತೋರಿಸಿದರು. ಯಂತ್ರವೊಂದು ತಿರುಗುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಬೂಟು ನೋಡುತ್ತಿರಲಿಲ್ಲ. ಸೋಮವಾರ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸೆಮ್‌ಹಾರ್‌ಗೆ ಹೇಗೆ ಹೇಳುವುದು ಎಂದು ಮಾತ್ರ ಗೊತ್ತಿರಲಿಲ್ಲ. ಹೇಳುತ್ತೇನೆ. ನನ್ನ ಬಾಯಿಂದಲೇ, ಅವಳಿಗೆ ಕೇಳಿಸುವ ಹಾಗೆ ಹೇಳುತ್ತೇನೆ.

ಕೈಗವಸು ತೆಗೆದೆ. ಕೆಂಪು ಗುಂಡಿ ಒತ್ತಿದೆ.

ಫೋನು ಕಾರಣ ಕೇಳಿತು. ಬರೆದೆ.

"ಧಾಟಿ ಸರಿಯಿಲ್ಲ."

ಸಹಿಯ ಜಾಗದಲ್ಲಿ ಎರಡಕ್ಷರ ಹಾಕಿದರೂ ಸಾಕಿತ್ತು. ನಾನು ಪೂರ್ತಿ ಹೆಸರು ಬರೆದೆ. ನನ್ನಪ್ಪನ ಹೆಸರು ಬರೆದೆ. ಕಟ್ಟಡದ ನಂಬರ್, ಮನೆಯ ನಂಬರ್ ಬರೆದೆ. ಆಮೇಲೆ ಬಕೆಟ್ ಎತ್ತಿಕೊಂಡು ಹತ್ತನೇ ಕಟ್ಟಡಕ್ಕೆ ಹೋದೆ. ಅಲ್ಲಿನ್ನೂ ಎಪ್ಪತ್ತೆರಡು ಮೆಟ್ಟಿಲು ಬಾಕಿ ಇದ್ದವು.